ಸಾಲಿನಲ್ಲಿಟ್ಟ ಚಪ್ಪಲಿ

ಬಿಸಿಲು ಗೇಟು ದಾಟ್ತು, ಇನ್ನೊಂದು ಚೂರು ಹೊತ್ತಿಗೆ ಚಪ್ಪಲಿ ಸಾಲಿನ ಮೇಲೆ ಬೀಳ್ತೈತೆ, ಬೀಳ್ಲಿ, ಚಪ್ಪಲಿಗೇನು ತಲೆ ಸುತ್ತು ಬರ್ತೈತಾ — ನಮ್ಮನೇವ್ರ ಜೋಡಿ ಎಲ್ಲೈತೆ, ಹಾ, ಆ ನೀಲಿ ಹವಾಯಿ ಹಿಂದೆ, ಕಂದು ಚರ್ಮದ್ದು, ಹಿಮ್ಮಡಿಗೆ ಹೊಸ ತುಂಡು ಹೊಡೆಸಿದ್ದು, ಯಾವನಾದ್ರೂ ಕಾಲಲ್ಲಿ ಒತ್ತರಿಸಿದ್ರೆ ಗ್ರಾಚಾರ ಬಿಡಿಸ್ತೀನಿ, ಇವತ್ತು ಡಾಕ್ಟ್ರಿಗೆ ತೋರಿಸ್ದೆ ಈ ಭದ್ರಮ್ಮ ಜಗಲಿ ಬಿಟ್ಟು ಏಳೋಳಲ್ಲ. ಸರದಿಗೆ ರೋಗಿ ಚಪ್ಪಲೀನೇ ಇಡ್ಬೇಕು ಅಂತ ಪೀಣ್ಯದ ಈ ಆಸ್ಪತ್ರೆಗೆ ಬರೋ ಜನಾನೇ ಮಾಡ್ಕಂಡಿರೋ ಕಾನೂನು, ಇಲ್ದಿದ್ರೆ ಒಬ್ಬೊಬ್ರೂ ಊರಿಗೆಲ್ಲಾ ಜಾಗ ಹಿಡೀತಾರೆ, ಅದಕ್ಕೇ ಇನ್ನೂ ಮಬ್ಬಿರೋವಾಗ್ಲೇ ಅವರ ಚಪ್ಪಲಿ ಕಂಕುಳಲ್ಲಿ ಇರುಕ್ಕಂಡು ನಾಗಸಂದ್ರದಿಂದ ನಡ್ಕಂಡು ಬಂದೆ, ಅವರು ಫ್ಯಾಕ್ಟ್ರಿ ಬೂಟು ಮೆಟ್ಕಂಡು ಕಬ್ಬಿಣ ಕಡೆಯೋ ಲೇತು ಮಿಷಿನ್ನು ಮುಂದೆ ನಿಂತಿರ್ತಾರೆ, ಸರದಿ ಹತ್ರ ಬಂದಾಗ ಓಡಿ ಹೋಗಿ ಕರ್ಕಂಡು ಬರೋದು. ಹೋದ್ಸಲ ಅಂಗೇ ಕಾದೆ, ಅದರ ಹಿಂದಿನ ಸಲಾನೂ ಕಾದೆ, ನಮ್ದು ಬರೋ ಹೊತ್ತಿಗೆ ಡಾಕ್ಟ್ರು ಸ್ಕೂಟರ್ ಒದ್ಕಂಡು ಹೊರಟೇಬಿಟ್ರು, ನಾಳೆ ಬನ್ನಿ ಅಂತ, ನಾಳೆ ಅನ್ನೋದು ಇವರಪ್ಪನ ಮನೇದಾ. ಈ ಮನುಷ್ಯನೋ ಚೊಂಬುಗಟ್ಲೆ ನೀರು ಕುಡೀತಾರೆ, ಮೈಯಿಳಿದು ಅಂಗಿ ಜೋತಾಡ್ತೈತೆ, ಪಾದದಾಗೆ ಇರುವೆ ಹರಿದಂಗಾಗ್ತೈತೆ ಕಣೇ ಅಂತಾರೆ, ಆಮೇಲೆ ಇರುವೇನೂ ಹರೀತಿಲ್ಲ, ವಾಸಿಯಾಯ್ತು ಅಂದ್ರು, ನಂಗೂ ಸಮಾಧಾನ ಆಯ್ತು. ಪಕ್ಕದ ಮನೆ ನರಸಿಂಹಯ್ಯನೂ ಇಂಗೇ ನೀರು ನೀರು ಅಂತಿದ್ದ, ಸಕ್ಕರೆ ಕಾಯಿಲೆ, ಕಾಲಲ್ಲೊಂದು ಗಾಯ, ವಾಸಿ ಆಗ್ಲೇ ಇಲ್ಲ, ಮಂಡಿ ತಂಕ ತೆಗೆದ್ರು — ಥೂ, ಅದ್ಯಾಕೀಗ, ನಮ್ಮೋರಿಗೆ ಗಾಯಾನೂ ಇಲ್ಲ, ಏನೂ ಇಲ್ಲ, ನಿಂತು ಕೆಲಸ ಮಾಡೋ ಕಾಲು ಅವು, ಭೂಮಿ ಎಲ್ಲಾ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋದ್ಮೇಲೆ ಆ ಕಾಲ ಮೇಲೇ ನಮ್ಮ ಮನೆ ನಿಂತೈತೆ.

ಅಗೋ ಬಂದ್ಳು ಸಿಸ್ಟರು, ಹೇಮಲತಾ, ಯುಗಾದಿ ಆದ್ಮೇಲೆ ಹೊಸ ಪದ್ಧತಿ ಇವಳದು, ಮುಂದಿನ ರೂಮಲ್ಲಿ ಕೂರ್ತಾಳೆ, ಮೊದ್ಲು ನಾನು ನೋಡ್ತೀನಿ, ಬಿ.ಪಿ., ಸಕ್ಕರೆ, ಡ್ರೆಸ್ಸಿಂಗು ನಾನೇ ಮಾಡ್ತೀನಿ, ಬೇಕಾದೋರನ್ನ ಡಾಕ್ಟ್ರ ಹತ್ರ ಕಳಿಸ್ತೀನಿ, ಇಬ್ರೂ ಸೇರಿ ನೋಡಿದ್ರೆ ಯಾರೂ ವಾಪಸ್ ಹೋಗ್ಬೇಕಾಗಲ್ಲ ಅಂತಾಳೆ, ಯಾರು ಹೋಗ್ತಾರೆ ಅವಳ ರೂಮಿಗೆ, ಬೆಂಚು ಖಾಲಿ ಹೊಡೀತೈತೆ, ಡಾಕ್ಟ್ರ ಕೈಗುಣಕ್ಕೆ ಬಂದೋರು ಸೂಜಿ ಚುಚ್ಚೋಳ ಮುಂದೆ ಯಾಕೆ ಕೂರ್ಬೇಕು, ನಂಗೂ ಎರಡು ಸಲ ಕರೆದ್ಳು, ಬೇಡ ತಾಯಿ ನಾನು ಡಾಕ್ಟ್ರಿಗೇ ನಿಂತಿದೀನಿ ಅಂದೆ. ಇವತ್ತು ರೂಮು ಬಿಟ್ಟು ಸಾಲಿನ ಉದ್ದಕ್ಕೂ ಬರ್ತಾವಳೆ, ನಿಮಗೇನಾಗಿದೆ ಅಕ್ಕ, ಹೊಲಿಗೆ ಬಿಚ್ಚೋದಾ, ನನ್ನ ರೂಮಿಗೆ ಬನ್ನಿ, ಮಗೂಗೆ ಇಷ್ಟು ಜ್ವರ ಇಟ್ಕಂಡು ಇಲ್ಲಿ ಕೂತಿದೀರಾ, ಒಳಗೆ ನಡೀರಿ ಮೊದ್ಲು — ಎಲಾ, ಆ ಮಗು ನಮ್ಮ ಹಿಂದಿತ್ತು! ಬಗ್ಗಿದ್ಳು, ಯಾಕೆ ಬಗ್ತಾಳೆ, ನಮ್ಮ ಚಪ್ಪಲಿ ಹತ್ರಾನೇ, ಮುಟ್ಬ್ಯಾಡ, ಮುಟ್ಬ್ಯಾಡ, ಅಯ್ಯಯ್ಯೋ ಎತ್ತೇ ಬಿಟ್ಳು ಬಲಗಾಲಿನ ಚಪ್ಪಲೀನ! ರೀ ಸಿಸ್ಟರೇ ಇಡ್ರೀ ಕೆಳಗೆ, ಮಬ್ಬಲ್ಲಿ ಬಂದು ಹಿಡಿದ ಜಾಗ ಅದು. ಯಾರ್ದಮ್ಮ ಈ ಚಪ್ಪಲಿ? ನಮ್ಮನೇವ್ರದ್ದು. ಹೆಸರೇನು? ಗಂಡನ ಹೆಸರು ಇಷ್ಟು ಜನದ ಮುಂದೆ ಎಂಗೆ ಹೇಳ್ಲಿ, ಲಗ್ನ ಆದಾಗಿಂದ ಬಾಯಲ್ಲಿ ತಂದಿಲ್ಲ. ನೋವು ಅಂತಾರಾ ಅಮ್ಮ, ಕುಂಟ್ತಾರಾ? ನೋವಾ, ಯಾವ ನೋವು, ನೆಟ್ಟಗೆ ನಡೀತಾರಲ್ಲ. ಬೆರಳಿಟ್ಟು ತೋರಿಸಿದ್ಳು. ಮೊಳೆ. ಜಾಲಹಳ್ಳಿ ಕ್ರಾಸಿನಲ್ಲಿ ಹಿಮ್ಮಡಿಗೆ ತುಂಡು ಹೊಡೆಸಿದ್ರಲ್ಲ, ಆ ಮೊಳೆ, ಒಳಗೆ ತೂರಿ ಅಕ್ಕಿಕಾಳಿನಷ್ಟು ಮೇಲೆದ್ದೈತೆ, ಸುತ್ತಾ ಕರ್ರಗೆ ಒಣಗಿದ ರಕ್ತ, ನಡುವೆ ಹಸಿ. ಏಳ್ತಿದ್ದಂಗೇ ಮೆಟ್ಕಂಡು ಹಿತ್ಲಿಗೆ ಹೋಗಿ ಬಂದ್ರಲ್ಲ, ಅದನ್ನೇ ಕಂಕುಳಲ್ಲಿ ಇಟ್ಕಂಡು ಬಂದೆನಲ್ಲಾ, ಕತ್ತಲಲ್ಲಿ ಕಾಣ್ಲಿಲ್ಲ. ಇದರ ಮೇಲೆ ನಡೆದಿದಾರೆ, ಗೊತ್ತಾಗಿಲ್ಲ ಅಂದ್ರೆ ಪಾದಕ್ಕೆ ಅರಿವೇ ಇಲ್ಲ, ಡಾಕ್ಟ್ರೇ ಸ್ವಲ್ಪ ಬನ್ನಿ ಅಂದ್ಳು, ಡಾಕ್ಟ್ರು, ಆ ಡಾಕ್ಟ್ರು, ಬಾಗಿಲಿಗೇ ಬಂದ್ರು, ಚಪ್ಪಲಿ ನೋಡಿದ್ರು, ಈಗ್ಲೇ ಕರ್ಕೊಂಡು ಬನ್ನಿ, ಸಾಲು ಗೀಲು ಬೇಡ, ಕಾಲು ಉಳಿಸ್ಬೇಕು ಅಂದ್ರೆ ಇವತ್ತೇ ಆಗ್ಬೇಕು, ಎಷ್ಟು ಹೊತ್ತಾದ್ರೂ ನಾವಿಬ್ರೂ ಇರ್ತೀವಿ. ನಂಜಪ್ಪ ಅಂದೆ, ನಂಜಪ್ಪ ಅವರ ಹೆಸರು, ಬರ್ಕಳ್ಳಿ.

ನಡಿ ಭದ್ರಿ ನಡಿ, ಎಸ್‌ಟಿಡಿ ಬೂತಿಂದ ಫೋನು ಮಾಡಾನಾ ಅಂದ್ರೆ ಫ್ಯಾಕ್ಟ್ರೀಲಿ ಫೋನಿರೋ ಓನರ್ ರೂಮಿಗೆ ಬೀಗ, ಓಡೋದೇ ಸರಿ, ಲಾರಿಯೋನೇ ಹಾರನ್ ಹೊಡ್ಕೋ, ನಾನು ನಿಲ್ಲಲ್ಲ, ಕಾಲ್ಚೀಲ ನಾರ್ತೈತೆ ಅಂತ ಮೊನ್ನೆ ಬೈದೆ, ಒಗೆಯೋಕೆ ಸೋಪೇ ಸಾಲಲ್ಲ ಅಂದೆ, ನಕ್ಕರು ಪುಣ್ಯಾತ್ಮ, ಇರುವೆ ಹರೀತಿಲ್ಲ ಅಂದ್ರಲ್ಲ, ವಾಸಿಯಲ್ಲ ಅದು, ಪಾದ ಸತ್ತಿತ್ತು — ಬೇಡ, ಅಳೋಕೆ ಪುರುಸೊತ್ತಿಲ್ಲ, ಮೇಸ್ತ್ರಿ ಬಿಡಲ್ಲ ಅಂದ್ರೆ ಮೇಸ್ತ್ರಿನೂ ಎಳ್ಕಂಡು ಹೋಗ್ತೀನಿ, ಶೆಡ್ಡಿನ ಬಾಗಿಲು, ಎಣ್ಣೆ ವಾಸನೆ, ಅಗೋ ಬೆನ್ನು, ಜೋತಾಡೋ ಅಂಗಿ. ನಂಜಪ್ಪಾ! ಎಲ್ರೂ ತಿರುಗಿದ್ರು, ತಿರುಗ್ಲಿ, ನಂಜಪ್ಪಾ! ಏನೇ, ಹೆಸರು ಹಿಡಿದು ಕೂಗ್ತಿದೀಯಾ, ಹುಚ್ಚಾ ನಿಂಗೆ, ಸರದಿ ಬಂತಾ ಅಂತ ನಗ್ತಾರೆ, ಇರು ಬಂದೆ, ಇದೊಂದು ಪೀಸು ಮುಗಿಸ್ತೀನಿ ಅಂತ ಲೇತಿನ ಕಡೆ ವಾಲಿ, ಭಾರ ಎಲ್ಲಾ ಬಲಗಾಲಿನ ಮೇಲೆ ಹಾಕಿ, ಬೂಟಿನೊಳಗೆ ಆ ಗಾಯದ ಹಿಮ್ಮಡೀನೇ ಊರಿ, ನಗ್ತಾನೇ ನಿಂತವ್ರೆ, ಮುಖದಾಗೆ ಒಂದು ಗೆರೆ ಅಲುಗಲ್ಲ — ಅಕ್ಕಿಕಾಳಿನಷ್ಟು, ಸುತ್ತಾ ಕರ್ರಗೆ, ನಡುವೆ ಹಸಿ, ಆ ಮೊಳೆ, ಆ ಮೊಳೆ