ಅರ್ಧಕ್ಕೆ ಬಿಟ್ಟ ಮಾತ್ರೆ

ಹೋದ ಸಲ ಜ್ವರ ಬಂದಾಗ ತಂದ ಮಾತ್ರೆ, ಯಾರದೋ ಹಲ್ಲುನೋವಿಗೆ ಕೊಟ್ಟು ಮಿಕ್ಕಿದ್ದು, ಹೆಸರೇ ಅಳಿಸಿಹೋದದ್ದು, ಎಲ್ಲವೂ ಟೈಲರಮ್ಮನ ಮನೆಯ ಒಂದು ಡಬ್ಬಿಯಲ್ಲಿರುತ್ತಿದ್ದವು. ಪಕ್ಕದ ಮನೆಯವರು ನೆಗಡಿ ಎಂದು ಬಂದರೂ ಆಕೆ ಧಾರಾಳವಾಗಿ ಎರಡು ಕೆಂಪು ಕ್ಯಾಪ್ಸೂಲ್ ಕೈಗಿಡುತ್ತಿದ್ದಳು. "ತಗೊಳ್ಳಿ, ನಾಳೆಗೆ ಹೇಳಹೆಸರಿಲ್ಲದ ಹಾಗೆ ಹೋಗುತ್ತೆ."

ಒಂದು ದಿನ ಪರದೆ ಹೊಲಿಯುವಾಗ ಮೆಷಿನ್ ಸೂಜಿ ಎಡಗೈ ತೋರುಬೆರಳಿಗೆ ಇಳಿಯಿತು. ಬೆರಳು ಬಾತುಕೊಂಡಿತು. ಡಾಕ್ಟರು ಏಳು ದಿನಕ್ಕೆ ಅದೇ ಕೆಂಪು ಕ್ಯಾಪ್ಸೂಲ್ ಬರೆದುಕೊಟ್ಟರು. ಎರಡೇ ದಿನಕ್ಕೆ ನೋವು ಇಳಿಯಿತು, ಉಳಿದವು ಡಬ್ಬಿ ಸೇರಿದವು. ಹದಿನೈದು ದಿನದ ಮೇಲೆ ಮತ್ತೆ ಬಾತಾಗ ಡಬ್ಬಿಯಿಂದ ಎರಡು ನುಂಗಿದಳು. ಇಳಿಯಿತು. ಮೂರನೆಯ ಸಲ ಮಾತ್ರ ಇಳಿಯಲಿಲ್ಲ.

ಜ್ವರ ಏರಿತು. ಮಲಗಿದ್ದವಳಿಗೆ ಕೋಣೆಯೇ ನೀರಿನ ಮೇಲೆ ತೇಲಿದಂತಿತ್ತು. ಗೂಟಕ್ಕೆ ತೂಗುಹಾಕಿದ್ದ ಹೊಲಿದು ಮುಗಿಯದ ಅಂಗಿಗಳು ಗಾಳಿಗೆ ಉಬ್ಬುತ್ತಿದ್ದವು, ಯಾರೋ ಅವುಗಳೊಳಗೆ ಮೆಲ್ಲಗೆ ಉಸಿರಾಡುತ್ತಿರುವ ಹಾಗೆ. ಮೆಷಿನ್ ನಿಂತಿದ್ದರೂ ಅದರ ಟಕಟಕ ಬೆರಳ ತುದಿಯಲ್ಲಿ ಓಡುತ್ತಲೇ ಇತ್ತು.

ಸುದ್ದಿ ತಿಳಿದು ತಂಗಿ ಓಡಿಬಂದಳು. ಆಕೆ ದೊಡ್ಡಾಸ್ಪತ್ರೆಯ ಪ್ರಯೋಗಾಲಯದಲ್ಲಿ ಸಂಶೋಧಕಿ. ರೋಗ ತರುವ ಕ್ರಿಮಿಗಳು ಔಷಧಿಗೆ ಹೇಗೆ ಬಗ್ಗದೆ ಹೋಗುತ್ತವೆ ಎಂದು ಹುಡುಕುವುದೇ ಆಕೆಯ ಕೆಲಸ.

"ನನ್ನ ಮೈಗೆ ಮಾತ್ರೆ ಒಗ್ಗಿಹೋಗಿದೆ ಕಣೇ. ಇನ್ನೂ ಜೋರಾಗಿರೋದು ಕೊಡಿಸು," ಎಂದಳು ಅಕ್ಕ.

"ಒಗ್ಗಿರೋದು ನಿನ್ನ ಮೈಗಲ್ಲ ಅಕ್ಕಾ, ಒಳಗಿರೋ ಕ್ರಿಮಿಗೆ."

"ಹೋಗೇ! ಕಣ್ಣಿಗೇ ಕಾಣದ್ದಕ್ಕೆ ಅಷ್ಟೊಂದು ಬುದ್ಧಿ ಎಲ್ಲಿಂದ ಬರುತ್ತೆ?"

ತಂಗಿ ಅಕ್ಕನನ್ನು ತನ್ನ ಆಸ್ಪತ್ರೆಗೇ ಕರೆದೊಯ್ದಳು. ಅಲ್ಲಿ ಡಾಕ್ಟರು ಬೆರಳಿನ ಬಾವು ಕೊಯ್ದು ಕೀವು ತೆಗೆದರು. "ಮೂಳೆಗೆ ಇಳಿದರೆ ಬೆರಳು ಉಳಿಯೋದು ಕಷ್ಟ," ಎಂದರು. ಕೀವು ಪರೀಕ್ಷೆಗೆ ಹೋಯಿತು. ಮೂರನೆಯ ದಿನ ಬೆಳಗ್ಗೆ ತಂಗಿ ಅಕ್ಕನನ್ನು ಪ್ರಯೋಗಾಲಯದ ಗಾಜಿನ ಗೋಡೆಯ ಬಳಿ ಕೂರಿಸಿ, ತಾನು ಒಳಗೆ ಹೋಗಿ, ಮುಚ್ಚಳ ಬಿಗಿದ ಒಂದು ಪುಟ್ಟ ತಟ್ಟೆಯನ್ನು ಬೆಳಕಿಗೆ ಹಿಡಿದಳು.

ತಟ್ಟೆಯ ತುಂಬ ಮಂಜು ಕವಿದಂತಿತ್ತು. ಅದರ ಮೇಲೆ ಅಂಗಿ ಗುಂಡಿಯಷ್ಟಗಲದ ಆರು ಬಿಳಿ ಬಿಲ್ಲೆಗಳು. ಎರಡರ ಸುತ್ತ ಮಾತ್ರ ಮಂಜು ಕರಗಿ, ತಿಳಿಯಾದ ಉಂಗುರ ಬಿದ್ದಿತ್ತು. ಟೈಲರಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಕನಸೋ ನಿಜವೋ ಗೊತ್ತಾಗಲಿಲ್ಲ.

ತಟ್ಟೆ ಇಟ್ಟು, ಕೈ ತೊಳೆದು ಬಂದ ತಂಗಿ ಪಕ್ಕದಲ್ಲಿ ಕೂತಳು. "ಆ ಮಂಜೆಲ್ಲ ನಿನ್ನ ಬೆರಳಿನ ಕ್ರಿಮಿ. ಒಂದೊಂದು ಬಿಲ್ಲೆಲೂ ಒಂದೊಂದು ಆಂಟಿಬಯೋಟಿಕ್ ಇದೆ. ಔಷಧಿ ಕೆಲಸ ಮಾಡಿದ್ರೆ ಸುತ್ತ ಕ್ರಿಮಿ ಬೆಳೆಯಲ್ಲ."

"ಮೇಲ್ಗಡೆ ಒಂದು ಬಿಲ್ಲೆಯ ಅಂಚಿಗೇ ಮಂಜು ಬಂದು ಒರಗಿತ್ತಲ್ಲ, ಅದು ಯಾವುದು?"

"ನಿನ್ನ ಕೆಂಪು ಕ್ಯಾಪ್ಸೂಲು."

ಅಕ್ಕ ಮತ್ತೆ ಗಾಜಿನತ್ತ ನೋಡಿದಳು. "ನಾಟೋ ಔಷಧಿ ಎರಡೇ ಉಳಿದಿರೋದಾ?"

"ಹೂಂ. ಕೆಲವು ಕ್ರಿಮಿ ಮೊದಲೇ ಗಟ್ಟಿ ಇದ್ದವು. ನೀನು ಅರ್ಧಂಬರ್ಧ ನುಂಗಿದಾಗೆಲ್ಲ ಮೆತ್ತಗಿನವು ಸತ್ತವು, ಗಟ್ಟಿಯವು ಉಳಿದು ಸಂಸಾರ ಬೆಳೆಸಿದವು. ಅದಕ್ಕೆ ಬುದ್ಧಿ ಬೇಕಾಗಿಲ್ಲ ಅಕ್ಕಾ, ಉಳ್ಕೊಂಡ್ರೆ ಸಾಕು."

"ನೆಗಡಿ ಅಂದವರಿಗೂ ಇದನ್ನೇ ಕೊಟ್ಟೆನಲ್ಲೇ!"

"ನೆಗಡಿ ವೈರಸ್ಸಿಂದ ಬರೋದು. ಅದಕ್ಕೆ ಈ ಮಾತ್ರೆ ನಾಟೋದೇ ಇಲ್ಲ." ತಂಗಿ ಅಕ್ಕನ ಬಲಗೈ ಹಿಡಿದುಕೊಂಡಳು. "ಎಲ್ಲೆಲ್ಲೋ ಹೋಗಿ ಭಾಷಣ ಮಾಡ್ತೀನಿ. ನಮ್ಮನೇಲೇ ಹೇಳಿರಲಿಲ್ಲ. ನನ್ನದೂ ತಪ್ಪು."

ಉಂಗುರ ಬಿದ್ದ ಎರಡರಲ್ಲಿ ಒಂದನ್ನು ಡಾಕ್ಟರು ದಿನವೂ ಡ್ರಿಪ್ಪಿನಲ್ಲಿ ಕೊಟ್ಟರು. ಹನಿ ಹನಿಯಾಗಿ ಇಳಿಯುವುದನ್ನು ನೋಡುತ್ತಲೇ ಟೈಲರಮ್ಮ ನಿದ್ದೆಹೋಗುತ್ತಿದ್ದಳು. ಹತ್ತು ದಿನಕ್ಕೆ ಬೆರಳು ಉಳಿಯಿತು, ಆದರೆ ತುದಿ ಇಂದಿಗೂ ಮಡಚುವುದಿಲ್ಲ.

ಮನೆಗೆ ಬಂದ ಮೇಲೆ ಟೈಲರಮ್ಮನ ಗಂಡ ಸಿಟ್ಟಿನಿಂದ ಡಬ್ಬಿಯನ್ನು ಮೋರಿಗೆ ಸುರಿಯಲು ಹೊರಟ. ತಂಗಿ ಅವನ ಕೈ ಹಿಡಿದಳು. "ಬೇಡ ಭಾವ, ಮೋರಿಯ ಕ್ರಿಮಿಗೂ ಇದರ ರುಚಿ ಹತ್ತಿಸಬೇಡಿ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೊಡೋಣ, ಅವರು ಸರಿಯಾಗಿ ವಿಲೇವಾರಿ ಮಾಡ್ತಾರೆ." ಗಂಡಹೆಂಡತಿ ಇಬ್ಬರೂ ಹೋಗಿ ಕೊಟ್ಟುಬಂದರು. ಪಕ್ಕದ ಮನೆಯವರಿಗೂ ಟೈಲರಮ್ಮ ತಾನೇ ಹೋಗಿ ಎಲ್ಲ ಹೇಳಿದಳು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಆಂಟಿಬಯೋಟಿಕ್ ಬೇಕೋ ಬೇಡವೋ ಎಂಬುದನ್ನು ಡಾಕ್ಟರೇ ಹೇಳಲಿ. ಅವರು ಎಷ್ಟು ದಿನ ಎಂದರೋ ಅಷ್ಟು ದಿನ ತೆಗೆದುಕೊಳ್ಳಿ. ಹಿತವೆನಿಸಿತೆಂದು ನೀವಾಗಿ ನಿಲ್ಲಿಸಬೇಡಿ, ಪ್ರೀತಿಯಿಂದಲೂ ಇನ್ನೊಬ್ಬರಿಗೆ ಹಂಚಬೇಡಿ. ಹೊಸ ಔಷಧಿಯೊಂದು ಸಿದ್ಧವಾಗಲು ಎಷ್ಟೋ ಜನ ಎಷ್ಟೋ ವರ್ಷ ದುಡಿಯಬೇಕು. ಇರುವ ಔಷಧಿಯನ್ನು ನಾಳೆ ಹುಟ್ಟುವ ಮಗುವಿಗೂ ನಾಟುವಂತೆ ಉಳಿಸುವುದು ನಮ್ಮ ನಿಮ್ಮ ಕೈಯಲ್ಲಿದೆ.