ಹೊಟ್ಟೆನೋವಿನ ಚೀಟಿಗಳು

ಮಗ ಜೀಪು ಮಾರುತ್ತಾನೆಂಬ ಸುದ್ದಿ ಪೂವಮ್ಮನ ಕಿವಿಗೆ ಬಿದ್ದದ್ದು ಬಸ್ಸಿನಲ್ಲಿ. ಉಜಿರೆಯಲ್ಲಿ ಸ್ವಸಹಾಯ ಸಂಘದ ಸಭೆ ಮುಗಿಸಿ ನೆರಿಯಕ್ಕೆ ಮರಳುತ್ತಿದ್ದಳು. ಹಿಂದಿನ ಸೀಟಿನಲ್ಲಿ ಕುಳಿತವರು, ಜಯಪ್ರಕಾಶನ ಜೀಪಿಗೆ ಒಳ್ಳೆಯ ಗಿರಾಕಿ ಸಿಕ್ಕಿದ್ದಾನಂತೆ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಪೂವಮ್ಮ ತಿರುಗಿ ನೋಡಲಿಲ್ಲ. ಮನೆಗೆ ಬಂದವಳು ಕೈಚೀಲವನ್ನೂ ಕೆಳಗಿಡದೆ ಮಗನನ್ನು ಅಂಗಳಕ್ಕೆ ಕರೆದಳು.

ಆ ಜೀಪು ನೆರಿಯದಿಂದ ಬೆಳ್ತಂಗಡಿಯವರೆಗೆ ಬಾಡಿಗೆಗೆ ಓಡುತ್ತಿತ್ತು. ಮನೆ ನಡೆಯುತ್ತಿದ್ದದ್ದು ಹೆಚ್ಚಾಗಿ ಅದರಿಂದಲೇ, ಉಳಿದದ್ದು ಗುಡ್ಡೆಯ ರಬ್ಬರ್ ಮರಗಳಿಂದ. ಅದನ್ನೇ ಮಾರುವಂಥದ್ದು ಏನು ಬಂತು ಎಂದು ಕೇಳಿದ್ದಕ್ಕೆ ಜಯಪ್ರಕಾಶ ಚಪ್ಪಲಿಯ ತುದಿಯಿಂದ ಮಣ್ಣು ಕೆದಕುತ್ತ ಹೇಳಿದ. ಹೆಂಡತಿ ವಿಸ್ಮಿತಾಳ ತವರು ಬೆಳುವಾಯಿ. ಹೋದ ತಿಂಗಳು ಅಲ್ಲಿಗೆ ಹೋಗಿದ್ದಾಗ ಇಬ್ಬರೂ ಮೂಡುಬಿದಿರೆಯ ಒಂದು ಕ್ಲಿನಿಕ್ಕಿಗೆ ಹೋಗಿ ಬಂದಿದ್ದರು. ಮಕ್ಕಳಾಗಲಿಕ್ಕೆ ಟೆಸ್ಟ್‌ಟ್ಯೂಬಿನ ದಾರಿ ಉಂಟು ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಮದುವೆಯಾಗಿ ಆರು ವರ್ಷ ಆಗಿತ್ತು, ವಿಸ್ಮಿತಾಳಿಗೆ ಮೂವತ್ತೊಂದು. ಇನ್ನು ಕಾಯುವುದು ಬೇಡ ಎಂದು ಇಬ್ಬರೂ ನಿಶ್ಚಯ ಮಾಡಿಕೊಂಡಿದ್ದರು.

ಪೂವಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಹನ್ನೆರಡು ವರ್ಷ ಸಂಘದ ಅಧ್ಯಕ್ಷೆಯಾಗಿ ಅರ್ಧ ಊರಿನ ರೇಷನ್ ಕಾರ್ಡು, ಪಿಂಚಣಿ, ದಾರಿದೀಪ ಎಲ್ಲವನ್ನೂ ಮಾಡಿಸಿ ತಂದವಳು ಅವಳು. ಕಚೇರಿಯ ಕಿಟಕಿಯಲ್ಲಿ ಯಾರಾದರೂ ಇಲ್ಲ ಎಂದರೆ, ಯಾಕೆ ಇಲ್ಲ ಎಂದು ತಿಳಿದುಕೊಂಡೇ ಬರುವ ಹೆಂಗಸು.

"ಜೀಪಿನ ಗಿರಾಕಿಗೆ ಹದಿನೈದು ದಿನ ತಡೀಲಿಕ್ಕೆ ಹೇಳು," ಎಂದಳು. "ನಮ್ಮಲ್ಲಿ ಆಯುಷ್ಮಾನ್ ಕಾರ್ಡ್ ಉಂಟು, ಊರಲ್ಲಿ ಇನ್ಶೂರೆನ್ಸಿನವರು ಇದ್ದಾರೆ. ಒಮ್ಮೆ ಕೇಳಿಯಾದ್ರೂ ಬರ್ತೇನೆ."

ಒಳಗೆ ಅಕ್ಕಿ ತೊಳೆಯುತ್ತಿದ್ದ ವಿಸ್ಮಿತಾಳ ಕೈ ನಿಂತದ್ದು ಅಂಗಳಕ್ಕೂ ಕೇಳಿಸಿತು.

ಮರುದಿನವೇ ಪೂವಮ್ಮ ಬಂಟ್ವಾಳದ ಕಡೆ ಬಸ್ಸು ಹತ್ತಿದಳು. ಬಿ.ಸಿ. ರೋಡಿನಲ್ಲಿ ವಿಮೆಯ ಏಜೆಂಟ್ ಕಮಲಾಕ್ಷ ಒಂದು ಸಣ್ಣ ಕೋಣೆ ಇಟ್ಟುಕೊಂಡಿದ್ದ. ಹಿಂದೊಮ್ಮೆ ಸಂಘದ ಸಭೆಗೆ ಬಂದು ಮಾತಾಡಿ ಹೋಗಿದ್ದವನು. ಅವನಿಗೆ ಸಂಕೋಚವಾಗಬಾರದೆಂದು ಅವಳೇ ನೇರವಾಗಿ ವಿಷಯಕ್ಕೆ ಬಂದಳು. ಮಕ್ಕಳಾಗಲಿಕ್ಕೆ ಮಾಡುವ ಚಿಕಿತ್ಸೆಗೆ ವಿಮೆಯಲ್ಲಿ ದುಡ್ಡು ಕೊಡುತ್ತಾರೋ ಇಲ್ಲವೋ, ಅಷ್ಟು ಹೇಳಿದರೆ ಸಾಕು ಎಂದಳು.

ಕಮಲಾಕ್ಷ ಸುಳ್ಳು ಆಸೆ ತೋರಿಸುವವನಲ್ಲ. ಒಂದು ಪಾಲಿಸಿಯ ಪುಸ್ತಕ ತೆಗೆದು, ಯಾವುದಕ್ಕೆಲ್ಲ ಹಣ ಇಲ್ಲ ಎಂಬ ಪುಟ ಬಿಡಿಸಿ, ಒಂದು ಸಾಲಿನ ಕೆಳಗೆ ಬೆರಳಿಟ್ಟ. ಹೆಚ್ಚಿನ ಪಾಲಿಸಿಗಳಲ್ಲಿ ಈ ಸಾಲು ಇದ್ದೇ ಇರುತ್ತದೆ, ಬಂಜೆತನದ ಚಿಕಿತ್ಸೆಗೆ ಹಣ ಇಲ್ಲ ಎಂದು ಓದಿ ಹೇಳಿದ. ಈಚೆಗೆ ಬಂದ ಕೆಲವು ಪಾಲಿಸಿಗಳಲ್ಲಿ ಸ್ವಲ್ಪ ಸಿಗುತ್ತದೆ, ಆದರೆ ಇವತ್ತು ಮಾಡಿಸಿದರೆ ಎರಡೋ ಮೂರೋ ವರ್ಷ ಕಾಯಬೇಕು. ದೊಡ್ಡ ಕಂಪೆನಿಗಳಲ್ಲಿ ಕೆಲಸ ಮಾಡುವವರಿಗೆ ಕಂಪೆನಿಯೇ ಮಾಡಿಸಿದ ವಿಮೆಯಲ್ಲಿ ಕೆಲವೊಮ್ಮೆ ಇರುತ್ತದೆ. ಜೀಪು ಓಡಿಸುವವನಿಗೆ ಅದು ಎಲ್ಲಿಂದ ಬರಬೇಕು. ಪೂವಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಆ ಸಾಲನ್ನು ಇನ್ನೊಮ್ಮೆ ಓದಿಸಿ, ಎದ್ದು ಬಂದಳು. ಒಂದು ಬಾಗಿಲು ಮುಚ್ಚಿತು, ಸರಿ. ಮುಚ್ಚಿದೆ ಎಂದು ಗೊತ್ತಾದದ್ದೂ ಒಂದು ಕೆಲಸವೇ ಎಂದುಕೊಂಡಳು.

ಆ ವಾರದಲ್ಲೇ ಬೆಳ್ತಂಗಡಿಯ ಸರಕಾರಿ ಆಸ್ಪತ್ರೆಗೆ ಹೋಗುವಾಗ ಸೊಸೆಯನ್ನೂ ಜತೆಗೆ ಕರೆದುಕೊಂಡಳು. ಕ್ಲಿನಿಕ್ಕಿನ ಫೈಲು ವಿಸ್ಮಿತಾಳ ಎದೆಗೆ ಒತ್ತಿಕೊಂಡಿತ್ತು. ಅಲ್ಲಿ ಆಯುಷ್ಮಾನ್ ಕಾರ್ಡಿನ ಕೆಲಸ ನೋಡುವವನು ಆರೋಗ್ಯಮಿತ್ರ ಇರ್ಷಾದ್, ಫರಂಗಿಪೇಟೆಯ ಹುಡುಗ. ಮೆಲ್ಲಗೆ ಮಾತಾಡುವವನು. ಕಾರ್ಡು ನೋಡಿದ, ಫೈಲಿನ ಮೊದಲ ಪುಟ ನೋಡಿದ, ತಲೆ ಅಲ್ಲಾಡಿಸಿದ. ಟೆಸ್ಟ್‌ಟ್ಯೂಬಿಗೆ ಈ ಕಾರ್ಡಿನಲ್ಲಿ ಅವಕಾಶ ಇಲ್ಲ ಎಂದ.

ವಿಸ್ಮಿತಾ ಆಗಲೇ ಫೈಲಿಗೆ ಕೈ ಚಾಚಿದ್ದಳು. ಪೂವಮ್ಮ ಮಾತ್ರ ಕದಲಲಿಲ್ಲ. ಹಾಗಾದರೆ ಯಾವುದಕ್ಕೆ ಉಂಟು ಎಂದು ಕೇಳಿದಳು.

ಇರ್ಷಾದ್ ನಕ್ಕು ಮತ್ತೆ ಫೈಲು ತಿರುವಿದ. ಸ್ಕ್ಯಾನಿಂಗಿನ ಪುಟದಲ್ಲಿ ಅವನ ಬೆರಳು ನಿಂತಿತು.

"ಇಲ್ಲಿ ಅಂಡಾಶಯದಲ್ಲಿ ಗಡ್ಡೆ ಅಂತ ಬರೆದುಂಟಲ್ಲ ಪೂವಮ್ಮಕ್ಕ. ಏಳು ಸೆಂಟಿಮೀಟರ್ ಅಂತ ಉಂಟು. ಇದಕ್ಕೆ ಎಂತ ಮಾಡಿದ್ದೀರಿ?"

ಏನೂ ಮಾಡಿಸಿರಲಿಲ್ಲ. ಮೂಡುಬಿದಿರೆಯ ಡಾಕ್ಟರು ಗಡ್ಡೆಯ ವಿಷಯವನ್ನೂ ಹೇಳಿದ್ದರು, ಮೊದಲು ಅದನ್ನು ತೆಗೆಯಬೇಕು ಎಂದೂ ಹೇಳಿದ್ದರು. ಆದರೆ ಮಗುವಿನ ಮಾತು ಕೇಳಿದ ಮೇಲೆ ಗಂಡ ಹೆಂಡತಿಯ ಕಿವಿಗೆ ಬೇರೆ ಯಾವ ಮಾತೂ ಇಳಿದಿರಲಿಲ್ಲ.

"ಮಗು ಬೇಕು ಅಂತ ಹೋದ್ರೆ ಕಾರ್ಡಿನಲ್ಲಿ ದಾರಿ ಇಲ್ಲ. ಗಡ್ಡೆ ಅಂದ್ರೆ ಕಾಯಿಲೆ, ಅದರ ಆಪರೇಷನ್ನಿಗೆ ಉಂಟು. ಆದ್ರೆ ಬೇಕಾ ಬೇಡ್ವಾ ಹೇಳ್ಬೇಕಾದ್ದು ಡಾಕ್ಟ್ರು. ಒಮ್ಮೆ ಸ್ವರ್ಣಲತಾ ಮೇಡಮ್ಮಿಗೆ ತೋರಿಸಿ."

ಪೂವಮ್ಮ ಐವತ್ತೆಂಟರ ವಯಸ್ಸಿನಲ್ಲಿ, ಶಾಲೆಯ ಹುಡುಗಿ ಓಡುವ ಹಾಗೆ ಓಡಿಹೋಗಿ ಡಾಕ್ಟರ ಕೋಣೆಯ ಮುಂದಿನ ಸಾಲಿನಲ್ಲಿ ನಿಂತಳು.

ಸ್ತ್ರೀರೋಗ ತಜ್ಞೆ ಡಾಕ್ಟರ್ ಸ್ವರ್ಣಲತಾ ಸ್ಕ್ಯಾನಿಂಗ್ ನೋಡಿದ ಮೇಲೆ ಮಗುವಿನ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಮುಟ್ಟಿನ ಸಮಯದಲ್ಲಿ ನೋವು ಉಂಟಾ ಎಂದು ಕೇಳಿದರು. ಸ್ವಲ್ಪ ಎಂದಳು ವಿಸ್ಮಿತಾ. ಸ್ವಲ್ಪ ಅಂದರೆ ಎಷ್ಟು ಎಂದು ಡಾಕ್ಟರು ಬಿಡಲಿಲ್ಲ. ಅತ್ತೆ ಹೊರಗೆ ಹೋಗಬೇಕಾ ಎಂದೂ ಕೇಳಿದರು. ವಿಸ್ಮಿತಾ ಬೇಡ ಎಂದಳು. ಆಮೇಲೆ ಮೇಜಿನ ಅಂಚನ್ನು ನೋಡುತ್ತ ಮಾತಾಡಿದಳು.

"ಎರಡು ದಿನ ಎದ್ದು ನಿಲ್ಲಿಕ್ಕೆ ಆಗುದಿಲ್ಲ ಡಾಕ್ಟ್ರೇ. ರಬ್ಬರ್ ಹಾಲು ತೆಗೀಲಿಕ್ಕೆ ಅಂತ ಹೇಳಿ ಗುಡ್ಡೆಗೆ ಹೋಗ್ತೇನೆ. ಅಲ್ಲಿ ಮರದ ಬುಡದಲ್ಲಿ ಮಲಗ್ತೇನೆ. ನೋವು ಕಡಿಮೆ ಆದ ಮೇಲೆ ನಾಲ್ಕು ಮರ ಕೆತ್ತಿ ಕೆಳಗೆ ಬರ್ತೇನೆ."

ಪ್ರತಿ ತಿಂಗಳೂ ಎರಡು ದಿನ ಹಾಲು ಕಡಿಮೆ ಬರುವುದು ಪೂವಮ್ಮನಿಗೆ ಗೊತ್ತಿತ್ತು. ಈ ಕಾಲದ ಹುಡುಗಿಯರಿಗೆ ಮೈ ಬಗ್ಗುವುದಿಲ್ಲ ಎಂದು ನೆರೆಮನೆಯವರ ಹತ್ತಿರ ಹೇಳಿಕೊಂಡದ್ದೂ ಉಂಟು.

"ನಂಗೆ ಯಾಕೆ ಹೇಳ್ಲಿಲ್ಲ ಮಗಾ?"

"ಆ ದಿನ ಮನೆಯಲ್ಲಿ ಎಲ್ಲರ ಮುಖ ಸಣ್ಣ ಆಗ್ತಿತ್ತಲ್ಲ ಮಾಮಿ. ಈ ತಿಂಗಳೂ ಇಲ್ಲ ಅಂತ. ಅದರ ಮೇಲೆ ನನ್ನ ನೋವು ಬೇರೆ ಯಾಕೆ ಅಂತ ಸುಮ್ಮನಿದ್ದೆ."

ಡಾಕ್ಟರು, ಇಷ್ಟು ದೊಡ್ಡ ಗಡ್ಡೆ, ಇಂಥ ನೋವು, ಇದನ್ನು ಹೀಗೇ ಬಿಡಲಿಕ್ಕಿಲ್ಲ ಎಂದರು. ಮಗು ಆಗಲಿ ಆಗದಿರಲಿ, ಇದಕ್ಕೆ ಚಿಕಿತ್ಸೆ ಬೇಕು. ಹೊಟ್ಟೆಗೆ ಸಣ್ಣ ತೂತು ಮಾಡಿ ತೆಗೆಯುವ ಯಂತ್ರ ಇಲ್ಲಿ ಇಲ್ಲ, ಮಂಗಳೂರಿನ ಆಸ್ಪತ್ರೆಗೆ ಬರೆದು ಕೊಡುತ್ತೇನೆ ಎಂದರು. ರೆಫರಲ್ ಚೀಟಿಯ ಮೇಲೆ ಸೀಲು ಬಿದ್ದದ್ದೇ ಪೂವಮ್ಮ ಅದನ್ನು ಮಡಚಿ ಫೈಲಿಗೆ ಸೇರಿಸಿದಳು.

ಅಲ್ಲಿಂದ ಮುಂದೆ ಕೆಲಸ ಸರಸರ ಸಾಗಿತು. ಮಂಗಳೂರಿನ ಡಾಕ್ಟರು ನೋಡಿದರು, ರಕ್ತ ಪರೀಕ್ಷೆ ಆಯಿತು, ಶುಕ್ರವಾರ ಆಪರೇಷನ್ನಿಗೆ ದಿನ ಸಿಕ್ಕಿತು. ಗುರುವಾರ ಬೆಳಿಗ್ಗೆ ಜಯಪ್ರಕಾಶ ಹೆಂಡತಿಯನ್ನು ಜೀಪಿನಲ್ಲೇ ಕರೆದುಕೊಂಡು ಹೋಗಿ ದಾಖಲು ಮಾಡಿದ. ಪೂವಮ್ಮ ದನಕರುಗಳಿಗಾಗಿ ಮನೆಯಲ್ಲೇ ಉಳಿದಳು.

ಮಧ್ಯಾಹ್ನ ಎರಡೂವರೆಗೆ ಇರ್ಷಾದನ ಫೋನು ಬಂತು. ಕಾರ್ಡಿನ ಮಂಜೂರಾತಿ ನಿಂತಿದೆ ಎಂದ. ಫೈಲಿನ ಮೊದಲ ಪುಟದಲ್ಲಿ ಮಕ್ಕಳಾಗದ ಚಿಕಿತ್ಸೆ ಎಂದು ಬರೆದದ್ದರಿಂದ, ಈ ಆಪರೇಷನ್ ಅದಕ್ಕಾಗಿಯೇ ಅಥವಾ ಕಾಯಿಲೆಗಾಗಿಯೇ ಎಂದು ಕಾರ್ಡಿನ ಕಚೇರಿಯವರು ಕೇಳಿದ್ದಾರೆ. ಮಂಗಳೂರಿನ ಡಾಕ್ಟರು ಉತ್ತರ ಬರೆದಿದ್ದಾರೆ, ಆದರೆ ನೋವಿಗೆ ಹಿಂದೆ ಎಲ್ಲಾದರೂ ಮದ್ದು ಮಾಡಿದ ದಾಖಲೆಯನ್ನೂ ಕಚೇರಿಯವರು ಕೇಳಿದ್ದಾರೆ. ಫೋನಿನಲ್ಲಿ ತೆಗೆದ ಫೋಟೊ ನಡೆಯದು, ಇದ್ದರೆ ಬೆಳ್ತಂಗಡಿಗೆ ತನ್ನಿ, ಇಲ್ಲಿಂದ ಸ್ಕ್ಯಾನರಿನಲ್ಲಿಟ್ಟು ಕಳುಹಿಸುತ್ತೇನೆ. ಇವತ್ತು ಸಂಜೆ ಐದರ ಒಳಗೆ ಕಳುಹಿಸದಿದ್ದರೆ ನಾಳೆಯ ದಿನ ತಪ್ಪುತ್ತದೆ, ಇನ್ನೊಂದು ದಿನ ಯಾವಾಗ ಸಿಗುತ್ತದೋ ಹೇಳಲಿಕ್ಕಾಗದು.

ಹೇಳದ ನೋವಿಗೆ ದಾಖಲೆ ಎಲ್ಲಿಂದ ತರಬೇಕು ಎಂದು ಪೂವಮ್ಮ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಅಷ್ಟರಲ್ಲಿ ಆಸ್ಪತ್ರೆಯ ಹಾಸಿಗೆಯಿಂದ ಸೊಸೆಯೇ ಫೋನು ಮಾಡಿದಳು. ಕಪಾಟಿನಲ್ಲಿ ಮದುವೆಯ ಸೀರೆಯ ಕೆಳಗೆ ಒಂದು ಪ್ಲಾಸ್ಟಿಕ್ ಕವರು ಉಂಟು, ಅದರಲ್ಲಿ ಊರಿನ ಆರೋಗ್ಯ ಕೇಂದ್ರದ ಚೀಟಿಗಳು ಉಂಟು ಎಂದಳು. ತಡೆಯಲಾಗದ ದಿನ ಯಾರಿಗೂ ಹೇಳದೆ ಹೋಗಿ ಇಂಜೆಕ್ಷನ್ ತೆಗೆದುಕೊಂಡು ಬರುತ್ತಿದ್ದಳಂತೆ. ಯಾಕೆ ಇಟ್ಟುಕೊಂಡೆನೋ ಗೊತ್ತಿಲ್ಲ, ಬಿಸಾಡಲಿಕ್ಕೆ ಮನಸ್ಸು ಬರಲಿಲ್ಲ ಎಂದಳು.

ಚೀಟಿಗಳು ಮೂವತ್ತೊಂದು ಇದ್ದವು.

ಎರಡೂಮುಕ್ಕಾಲಿನ ಬಸ್ಸು ಆಗಲೇ ಹೋಗಿತ್ತು. ಜೀಪು ಮಂಗಳೂರಿನಲ್ಲಿ. ಪೂವಮ್ಮ ಕವರನ್ನು ಸೆರಗಿನೊಳಗೆ ಸಿಕ್ಕಿಸಿಕೊಂಡು ರಸ್ತೆಗೆ ಇಳಿದು ನಡೆಯತೊಡಗಿದಳು. ಒಂದು ಮೈಲಿ ನಡೆದಿರಬಹುದು, ರಬ್ಬರ್ ಶೀಟು ತುಂಬಿದ ಪಿಕಪ್ ಒಂದು ಹಿಂದಿನಿಂದ ಬಂತು. ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದಳು. ಚಾಲಕ ಗುರುವಪ್ಪ ಪರಿಚಯದವನೇ. ಹೆದರಿ ಬ್ರೇಕು ಹಾಕಿದ. ಬೆಳ್ತಂಗಡಿಗೆ, ಐದರ ಒಳಗೆ, ಇಷ್ಟನ್ನೇ ಹೇಳಿ ಅವಳು ಮುಂದಿನ ಸೀಟಿಗೆ ಹತ್ತಿದಳು. ಅವನು ಗಾಡಿ ಬಿಟ್ಟ.

ತಿರುವುಗಳಲ್ಲಿ ಗಾಡಿ ಓಲಾಡುತ್ತಿದ್ದರೆ ಪೂವಮ್ಮ ಚೀಟಿಗಳನ್ನು ಒಂದೊಂದಾಗಿ ಬಿಡಿಸಿದಳು. ಡಾಕ್ಟರ ಇಂಗ್ಲಿಷು ಅವಳಿಗೆ ತಿಳಿಯದು. ಆದರೆ ಮೇಲ್ಗಡೆ ನರ್ಸಮ್ಮ ಕನ್ನಡದಲ್ಲಿ ಬರೆದದ್ದು ಎಲ್ಲದರಲ್ಲೂ ಒಂದೇ: ಮುಟ್ಟಿನ ಹೊಟ್ಟೆನೋವು. ಅದರ ಪಕ್ಕದಲ್ಲಿ ತಾರೀಕು. ಒಂದು ಚೀಟಿ ಅವಳ ಗಂಡ ತುಕ್ರಪ್ಪ ತೀರಿಕೊಂಡಾಗ ಮಾಡಿದ ಬೊಜ್ಜದ ಮರುದಿನದ್ದು. ಆ ಬೊಜ್ಜದ ಊಟಕ್ಕೆ ಮುನ್ನೂರು ಜನ ಬಂದಿದ್ದರು. ಕೊನೆಯ ಪಂಕ್ತಿಯವರೆಗೂ ಬಾಗಿ ಬಾಗಿ ಬಡಿಸಿದವಳು ವಿಸ್ಮಿತಾ. ಪೂವಮ್ಮನ ಕಣ್ಣು ಮಂಜಾಯಿತು. ಕಣ್ಣೊರೆಸಿಕೊಂಡು, ಇನ್ನೂ ಸ್ವಲ್ಪ ಬೇಗ ಹೋಗುವ ಗುರುವಪ್ಪ ಎಂದಳು.

ನಾಲ್ಕೂಮುಕ್ಕಾಲಿಗೆ ಪಿಕಪ್ ಆಸ್ಪತ್ರೆಯ ಗೇಟಿನೊಳಗೆ ನುಗ್ಗಿತು. ಇರ್ಷಾದ್ ಬಾಗಿಲಲ್ಲೇ ಕಾಯುತ್ತಿದ್ದ. ತಾರೀಕಿನ ಪ್ರಕಾರ ಜೋಡಿಸಿದ ಚೀಟಿಗಳನ್ನು ಅವಳು ಒಂದೊಂದಾಗಿ ಕೊಟ್ಟಳು, ಅವನು ಒಂದೊಂದನ್ನೇ ಯಂತ್ರದಲ್ಲಿ ಇಟ್ಟ. ನೆಟ್‌ವರ್ಕ್ ಒಮ್ಮೆ ಹೋಗಿ ಬಂತು. ಐದಕ್ಕೆ ಮೂರು ನಿಮಿಷ ಇರುವಾಗ ಕೊನೆಯ ಚೀಟಿಯೂ ಹೋಯಿತು. ಇಬ್ಬರೂ ಪರದೆಯನ್ನು ನೋಡುತ್ತ ಕುಳಿತರು. ಕೌಂಟರಿನ ಬೇರೆಯವರು ಮನೆಗೆ ಹೊರಟರು. ಗುರುವಪ್ಪ ಶೀಟು ಇಳಿಸಿ ಬಂದು ಬಾಗಿಲ ಬಳಿ ನಿಂತ. ಆರೂಕಾಲಿಗೆ ಇರ್ಷಾದ್ ಕುರ್ಚಿಯಿಂದ ಎದ್ದ.

"ಮಂಜೂರಾಯ್ತು ಪೂವಮ್ಮಕ್ಕ. ನಾಳೆ ಆಪರೇಷನ್ ಉಂಟು."

ಪೂವಮ್ಮ ಎರಡೂ ಕೈಯಿಂದ ಇರ್ಷಾದನ ತಲೆ ನೇವರಿಸಿ, ದೃಷ್ಟಿ ತಾಗದಿರಲೆಂದು ನೆಟಿಗೆ ಮುರಿದಳು. ಹೊರಗೆ ಬಂದ ಮೇಲೆ ಅವಳ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಹಿಂದಿರುಗುವ ದಾರಿ ಪೂರ್ತಿ ಗುರುವಪ್ಪನಿಗೆ ಮೊದಲಿನಿಂದ ಕೊನೆಯವರೆಗೆ ಕಥೆ ಹೇಳಿದಳು, ಮತ್ತೆ ಮೊದಲಿನಿಂದ ಶುರುಮಾಡಿದಳು.

ಆಪರೇಷನ್ ಎರಡೂವರೆ ಗಂಟೆ ನಡೆಯಿತು. ಗಡ್ಡೆ ಕರುಳಿಗೂ ಅಂಟಿಕೊಂಡಿತ್ತಂತೆ, ಜಾಗ್ರತೆಯಿಂದ ಬಿಡಿಸಿದರು. ಅಂಡಾಶಯ ಉಳಿಯಿತು. ಗರ್ಭನಳಿಕೆಗಳಲ್ಲಿ ಒಂದು ಸರಿಯಾಗಿ ತೆರೆದಿತ್ತು. ಜೀಪಿನ ಗಿರಾಕಿಗೆ ಜಯಪ್ರಕಾಶ ಫೋನಿನಲ್ಲೇ ಇಲ್ಲ ಎಂದ.

ತಿಂಗಳು ಕಳೆದು ತೋರಿಸಲು ಹೋದಾಗ ಡಾಕ್ಟರ್ ಸ್ವರ್ಣಲತಾ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಇನ್ನು ಆರು ತಿಂಗಳು ತಾವಾಗಿಯೇ ಪ್ರಯತ್ನ ಮಾಡಬಹುದು, ಒಳ್ಳೆಯ ಅವಕಾಶ ಉಂಟು. ಆಗದಿದ್ದರೆ ಮುಂದಿನ ದಾರಿ ನೋಡುವ. ಟೆಸ್ಟ್‌ಟ್ಯೂಬ್ ಬೇಕಾಗಿ ಬಂದರೆ ಅದಕ್ಕೆ ಈ ಕಾರ್ಡು ಆಗಲೂ ಬರುವುದಿಲ್ಲ, ಅದು ನೆನಪಿರಲಿ. ಜಯಪ್ರಕಾಶ ತಲೆಯಾಡಿಸಿದ. ವಿಸ್ಮಿತಾ, ಆಗ ನೋಡುವ ಡಾಕ್ಟ್ರೇ ಎಂದಳು. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ.

ಅದಾಗಿ ಮೂರನೆಯ ವಾರ ಒಂದು ಬೆಳಿಗ್ಗೆ ವಿಸ್ಮಿತಾ ಗುಡ್ಡೆಯಿಂದ ಇಳಿದು ಬಂದಾಗ ಬಕೇಟಿನ ಕಂಠದವರೆಗೂ ಹಾಲು ಇತ್ತು. ನೂರಿಪ್ಪತ್ತು ಮರವನ್ನೂ ಕೆತ್ತಿ ಮುಗಿಸಿದ್ದಳು. ಬಕೇಟನ್ನು ಇಳಿಸಿದವಳು ಅಂಗಳದ ನಡುವೆಯೇ ನಿಂತು, ಏನೋ ಲೆಕ್ಕ ಹಾಕುವವಳಂತೆ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

"ಮಾಮಿ, ನಿನ್ನೆ ರಾತ್ರಿಯೇ ಮುಟ್ಟಾಗಿದ್ದೇನೆ. ನಂಗೆ ನೋವೇ ಬರ್ಲಿಲ್ಲ."

ಅಂಗಳ ಗುಡಿಸುತ್ತಿದ್ದ ಪೂವಮ್ಮ ಹಿಡಿಸೂಡಿ ಕೆಳಗೆ ಹಾಕಿ ಸೊಸೆಯ ಹತ್ತಿರ ಓಡಿದಳು. ಸತ್ಯವಾ, ಒಂದು ಚೂರೂ ಇಲ್ವಾ ಎಂದು ಎರಡು ಸಲ ಕೇಳಿದಳು. ಒಂದು ಚೂರೂ ಇಲ್ಲ ಎಂದು ವಿಸ್ಮಿತಾ ನಗತೊಡಗಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ತುಂಬಿಕೊಂಡಳು. ಜೀಪು ತೊಳೆಯುತ್ತಿದ್ದ ಜಯಪ್ರಕಾಶ ಪೈಪು ಹಿಡಿದೇ ಓಡಿಬಂದ. ಏನಾಯಿತು ಎಂದು ಅವನಿಗೆ ಅರ್ಥವಾಗುವ ಹೊತ್ತಿಗೆ ಅರ್ಧ ಅಂಗಳ ಒದ್ದೆಯಾಗಿತ್ತು. ಪೂವಮ್ಮ ಒಳಗೆ ಹೋಗಿ ದೋಸೆಗೆ ಕಾವಲಿ ಇಟ್ಟಳು. ವಿಸ್ಮಿತಾ ಅವತ್ತು ಏಳು ದೋಸೆ ತಿಂದಳು.