ಬಾಗಿಲು ಕಾಯುವ ಸಂತರ ಚೀಟಿ

ಟೈಲರಮ್ಮನಿಗೆ ರಕ್ತಸಾಕ್ಷಿಗಳೆಂದರೆ ಪ್ರಾಣ. ಸಿಂಹದ ಬಾಯಿಗೆ ಬಿದ್ದವರು, ಕತ್ತಿಗೆ ಕೊರಳೊಡ್ಡಿದವರು, ಎಲ್ಲರ ಕಥೆಯೂ ಬಾಯಿಪಾಠ. ಅಂಥ ಗಳಿಗೆ ಬಂದರೆ ತಾನೂ ಹಿಂದೆಮುಂದೆ ನೋಡುವವಳಲ್ಲ ಎಂದು ಗಿರಾಕಿಗಳ ಸೊಂಟದ ಅಳತೆ ತೆಗೆಯುತ್ತಲೇ ಹೇಳುತ್ತಿದ್ದಳು. ನಡುವೆ ಯಾರಾದರೂ ಬಾಗಿಲಿನ ಬೆಲ್ ಒತ್ತಿದರೆ ಮಾತ್ರ ಅವಳ ಮುಖ ಗಂಟಾಗುತ್ತಿತ್ತು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಮೊದಲ ಭಾನುವಾರ, ಪೂಜೆಯಾದ ಮೇಲೆ ಫಾದರ್ ಒಂದು ಡಬ್ಬಿ ತುಂಬ ಚೀಟಿ ತಂದರು. ಒಂದೊಂದರಲ್ಲಿ ಒಬ್ಬೊಬ್ಬ ಸಂತರ ಹೆಸರು. ಯಾರಿಗೆ ಯಾವ ಸಂತರು ಬರುತ್ತಾರೋ ಅವರ ಬದುಕಿನಿಂದ ಒಂದೇ ಒಂದು ಅಭ್ಯಾಸ ಕಲಿತು ಈಸ್ಟರ್‌ವರೆಗೆ ನಡೆಸಬೇಕು. ಟೈಲರಮ್ಮ ಕಣ್ಣು ಮುಚ್ಚಿ, ಶಿಲುಬೆ ಗುರುತು ಹಾಕಿಕೊಂಡು ಕೈ ಇಟ್ಟಳು. ಬಂದದ್ದು ಸಂತ ಅಲ್ಫೋನ್ಸಸ್ ರೊಡ್ರಿಗಸ್.

"ಇವರನ್ನ ಹೇಗೆ ಕೊಂದರು ಫಾದರ್?"

"ಯಾರೂ ಕೊಲ್ಲಲಿಲ್ಲಮ್ಮ. ವಯಸ್ಸಾಗಿ ತೀರಿಕೊಂಡರು. ಒಂದು ವಿದ್ಯಾಲಯದ ಬಾಗಿಲು ಕಾಯ್ತಿದ್ದರು, ಎಷ್ಟೋ ವರ್ಷ. ಗಂಟೆ ಬಾರಿಸಿದಾಗೆಲ್ಲ 'ಬಂದೆ ಪ್ರಭುವೇ' ಅಂತ ಹೋಗಿ ತೆಗೀತಿದ್ದರು."

"ಅಷ್ಟೇನಾ?"

"ಅಷ್ಟೇ," ಎಂದು ಫಾದರ್ ಡಬ್ಬಿಯನ್ನು ಮುಂದಿನವರಿಗೆ ದಾಟಿಸಿದರು.

ವಾಚ್ ರಿಪೇರಿ ಮಾಡುವ ಗಂಡ ದಾರಿಯುದ್ದಕ್ಕೂ ನಕ್ಕ. "ಸಿಂಹ ತಪ್ಪಿತು ಕಣೇ. ಇನ್ನು ಕೊರಿಯರ್‌ನವನ ಬಾಯಿಗೆ ಬೀಳು."

ಸೋಮವಾರ ಹನ್ನೊಂದು ಸಲ ಬೆಲ್ ಆಯಿತು. ಮೊದಲ ಸಲ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ 'ಬಂದೆ ಪ್ರಭುವೇ' ಎನ್ನಲು ಹೋಗಿ ಎರಡು ಸೂಜಿ ಕಳೆದುಹೋದವು. ಬಾಗಿಲಲ್ಲಿದ್ದದ್ದು ಪಕ್ಕದ ಮನೆಯವರ ಪಾರ್ಸೆಲ್. ಸಂಜೆ, ಜೇಬಿನಲ್ಲಿ ಕೀಲಿ ಇದ್ದೂ ಗಂಡ ಬೆಲ್ ಒತ್ತಿದ.

"ಪ್ರಭು ಬಂದಿದ್ದೀನಿ. ಕಾಫಿ ಸಿಗುತ್ತಾ?"

"ಪ್ರಭುಗಳಿಗೆ ಕೈಕಾಲು ನೆಟ್ಟಗಿದೆ. ಒಲೆ ಎಲ್ಲಿದೆ ಅಂತಾನೂ ಗೊತ್ತು."

ಇವನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದವರು ಮಹಡಿ ಮೇಲಿನ ಬ್ಯಾಂಡ್ ಮಾಸ್ಟ್ರು. ಚರ್ಚಿನ ಬ್ಯಾಂಡಿನಲ್ಲಿ ಮೂವತ್ತು ವರ್ಷ ತುತ್ತೂರಿ ಊದಿದವರು, ಹೋದ ವರ್ಷ ಹೆಂಡತಿಯನ್ನು ಕಳೆದುಕೊಂಡವರು. ದಿನಾ ಮಧ್ಯಾಹ್ನ ಮೂರಕ್ಕೆ ಅಂಗಿಯನ್ನೂ ಅದರಿಂದ ಕಿತ್ತುಹೋದ ಗುಂಡಿಯನ್ನೂ ಹಿಡಿದು ನಿಲ್ಲುತ್ತಿದ್ದರು. ಹೊಲಿಯುವಷ್ಟು ಹೊತ್ತೂ ಮಾತು, ಹೊಲಿದಾದ ಮೇಲೂ ಮಾತು. ಇವಳ ಮೇಜಿನ ಮೇಲೆ ಈಸ್ಟರ್ ಮುಗಿದ ವಾರವೇ ಮದುವೆಯಾಗುವ ಹುಡುಗಿಯ ಗೌನು ಅರ್ಧಕ್ಕೇ ನಿಂತಿತ್ತು.

ಐದನೆಯ ದಿನ ಟೈಲರಮ್ಮ ಅಂಗಿಯನ್ನು ಬೆಳಕಿಗೆ ಹಿಡಿದಳು. ಸವೆದು ಕಿತ್ತ ದಾರದ ತುದಿ ಬಿಚ್ಚಿ ಎಳೆ ಎಳೆಯಾಗಿರುತ್ತದೆ. ಇದು ಬ್ಲೇಡಿನಲ್ಲಿ ಕೊಯ್ದಂತೆ ನೀಟಾಗಿತ್ತು. ಅವಳಿಗೆ ಮೈಯೆಲ್ಲ ಉರಿಯಿತು. ನಾಲ್ಕು ಮಾತು ಆಡಿಯೇಬಿಡೋಣ ಎಂದು ತಲೆ ಎತ್ತಿದಳು.

ಮಾಸ್ಟ್ರು ಬೇರೆ ಅಂಗಿ ತೊಟ್ಟು ನಿಂತಿದ್ದರು. ಎದೆಯ ಭಾಗಕ್ಕಷ್ಟೇ ಇಸ್ತ್ರಿ, ತೋಳೆಲ್ಲ ಮುದುಡಿತ್ತು. ತಲೆಗೆ ನೀರು ಹಚ್ಚಿ ಬಾಚಿದ್ದರು. ಎರಡು ಮಹಡಿ ಇಳಿದು ಬರಲು ಇಷ್ಟೆಲ್ಲ ಸಿದ್ಧತೆ. ಅವಳು ಅಂಗಿಯನ್ನು ಮಡಚಿ ಮೇಜಿನ ಮೇಲಿಟ್ಟಳು.

"ಮಾಸ್ಟ್ರೇ, ಈ ಬಟ್ಟೆ ಇನ್ನು ಸೂಜಿ ತಡೆಯಲ್ಲ. ನಾಳೆಯಿಂದ ಗುಂಡಿ ತರಬೇಡಿ. ಸುಮ್ಮನೆ ಬನ್ನಿ."

ಮಾಸ್ಟ್ರ ಕಿವಿ ಕೆಂಪಾಯಿತು. "ಸುಮ್ಮನೆ ಬಂದರೆ ನಿಮ್ಮ ಕೆಲಸ ಕೆಡುತ್ತಲ್ಲಮ್ಮ."

"ಗುಂಡಿ ತಂದಾಗ್ಲೂ ಕೆಡ್ತಾನೇ ಇತ್ತು. ಕೂತ್ಕೊಳ್ಳಿ."

ಮಾರನೆಯ ದಿನ ಅವಳು ಅವರ ಮಡಿಲಿಗೆ ದೊಡ್ಡ ಗುಂಡಿ ಡಬ್ಬವನ್ನೇ ಇಟ್ಟು, ಬಣ್ಣಬಣ್ಣಕ್ಕೆ ಬೇರೆ ಮಾಡಲು ಹೇಳಿದಳು. ಮಾಸ್ಟ್ರು ಕನ್ನಡಕ ಏರಿಸಿ ಕುಳಿತರು. ಕಪ್ಪನ್ನೂ ಕಡುನೀಲಿಯನ್ನೂ ಒಂದೇ ಬಟ್ಟಲಿಗೆ ಹಾಕಿ, ಹಳೆಯ ಮೆರವಣಿಗೆಗಳ ಕಥೆ ಹೇಳಿದರು. ದಿನಾ ಅವರು ಹೋದ ಮೇಲೆ ಅವಳು ಮತ್ತೆ ಬೇರೆ ಮಾಡುತ್ತಿದ್ದಳು.

ಈಸ್ಟರ್ ಆದ ಮೇಲೆ ಫಾದರ್ ಎಲ್ಲರ ವರದಿ ಕೇಳಿದರು. ಚೀಟಿಯಲ್ಲಿ ಹಕ್ಕಿಗಳ ಗೆಳೆಯ ಸಂತ ಫ್ರಾನ್ಸಿಸ್ ಬಂದಿದ್ದ ಜಿಮ್ ಮಾಸ್ಟರ್ ಹಕ್ಕಿಗಳಿಗೆ ನೀರಿಟ್ಟಿದ್ದನಂತೆ. ಪಾರಿವಾಳಗಳು ಹಲ್ಲಿನ ಡಾಕ್ಟರ ಹೊಸ ಕಾರಿನ ಮೇಲೆ ಹಿಕ್ಕೆ ಹಾಕಿ ಬೆಳ್ಳಗೆ ಮಾಡಿದ್ದಕ್ಕೆ ಈಗ ಇಬ್ಬರಿಗೂ ಮಾತಿಲ್ಲ. ಟೈಲರಮ್ಮ ಎದ್ದು ನಿಂತಳು.

"ಬಾಗಿಲೇನೋ ತೆಗೆದೆ ಫಾದರ್. ಆದರೆ ಮುಕ್ಕಾಲು ಪಾಲು ಹಲ್ಲು ಕಚ್ಚಿಕೊಂಡೇ ತೆಗೆದೆ."

"ಸಂತರು ಹಲ್ಲು ಕಚ್ಚಿರಲಿಲ್ಲ ಅಂತ ನಿಮಗೆ ಯಾರು ಹೇಳಿದ್ರು?" ಎಂದರು ಫಾದರ್.

ಆ ಶನಿವಾರ ಮದುವೆ. ಮದುಮಗಳು ಪೀಠದ ಮುಂದೆ ಜನರಿಗೆ ಬೆನ್ನು ಮಾಡಿ ನಿಂತಾಗ ಟೈಲರಮ್ಮ ಗುಂಡಿಗಳನ್ನು ಎಣಿಸಿದಳು. ಬೆನ್ನಿನ ಹದಿನೆಂಟು ಮುತ್ತುಬಿಳಿ ಗುಂಡಿಗಳ ಸಾಲಿನಲ್ಲಿ ನಾಲ್ಕನೆಯದು ಕೆನೆಬಣ್ಣದ್ದು. ಕೊನೆಯ ವಾರದ ಗಡಿಬಿಡಿಯಲ್ಲಿ, ಮಾಸ್ಟ್ರು ಆರಿಸಿಕೊಟ್ಟದ್ದನ್ನು ನೋಡದೆಯೇ ಹೊಲಿದಿದ್ದಳು. ಬೇರೆ ಯಾರ ಕಣ್ಣಿಗೂ ಬೀಳಲಿಲ್ಲ. ಅವಳಿಗೆ ಮಾತ್ರ ಪೂಜೆಯುದ್ದಕ್ಕೂ ಅದೊಂದೇ ಕಂಡಿತು.

ಪಕ್ಕದಲ್ಲಿ ಕುಳಿತಿದ್ದ ಮಾಸ್ಟ್ರು ಮೆಲ್ಲಗೆ ಬಾಗಿದರು. "ಗುಂಡಿಗಳು ಎಷ್ಟು ಚೆನ್ನಾಗಿ ಹೊಂದಿಕೊಂಡಿವೆ ನೋಡಿ."

"ಹೂಂ ಮಾಸ್ಟ್ರೇ," ಎಂದಳು ಅವಳು. "ನೀವೇ ಆರಿಸಿದ್ದಲ್ವಾ."